ದನಕರುಗಳ ಉಣ್ಣಿಗೆ ಸಸ್ಯಮೂಲದ ಮದ್ದು: ಯಾವುದು, ಎಷ್ಟು, ಯಾವಾಗ?

ಹುಬ್ಬಳ್ಳಿ-ಧಾರವಾಡದ ಸುತ್ತಲಿನ ಹಳ್ಳಿಗಳಲ್ಲಿ ಒಕ್ಕಲುತನದ ಜೊತೆಗೆ ಹೈನುಗಾರಿಕೆಯೂ ಹಿಂದಿನಿಂದ ನಡೆದು ಬಂದಿದೆ. ಪೇಟೆಯ ಹಾಲಿಗೂ ಪೇಢಾಕ್ಕೂ ಹೆಸರಾದ ಧಾರವಾಡಿ ಎಮ್ಮೆ, ಗಳೇ ಹೊಡೆಯುವ ಖಿಲಾರಿ ಎತ್ತು, ಈಚಿನ ದಶಕಗಳಲ್ಲಿ ಬಂದ ಜರ್ಸಿ ಮತ್ತು ಎಚ್.ಎಫ್. ಮಿಶ್ರತಳಿಯ ಆಕಳು, ಇವು ಒಂದೇ ಕೊಟ್ಟಿಗೆಯಲ್ಲಿ ನಿಂತಿರುವುದನ್ನು ಕಾಣುತ್ತೇವೆ. ಮಳೆಗಾಲ ಹಿಡಿಯುತ್ತಲೇ ಇವೆಲ್ಲವುಗಳ ಮೈಮೇಲೆ ಉಣ್ಣಿಯ ಕಾಟ ಏರುತ್ತದೆ. ಕೆಲವು ಕಡೆ ಇದನ್ನು ಉಣುಗು ಎಂದೂ ಉಣ್ಣೆ ಎಂದೂ ಕರೆಯುತ್ತಾರೆ.

ಉಣ್ಣಿಗೆ ಬೇವು, ಬಜೆ, ತಂಬಾಕು ಮುಂತಾದ ಗಿಡಮೂಲಿಕೆಗಳನ್ನು ಬಳಸುವ ರೂಢಿ ನಮ್ಮಲ್ಲಿ ಹಳೆಯದು. ಆದರೆ ಒಮ್ಮೆ ಹಚ್ಚಿ ನೋಡಿ, ಮರುದಿನ ಉಣ್ಣಿ ಅಲ್ಲೇ ಇರುವುದನ್ನು ಕಂಡು, "ಗಿಡದ ಮದ್ದು ಕೆಲಸ ಮಾಡುವುದಿಲ್ಲ" ಎಂದು ಕೈಬಿಡುವ ರೈತರೇ ಹೆಚ್ಚು. ಇದಕ್ಕೆ ಕಾರಣ ಮದ್ದಿನಲ್ಲಿಲ್ಲ, ಬಳಸುವ ಕ್ರಮದಲ್ಲಿದೆ. ಬೇವಿನಂತಹ ಸಸ್ಯಗಳ ಸಾರವು ಉಣ್ಣಿಯನ್ನು ನಿಂತಲ್ಲೇ ಕೊಲ್ಲುವುದಿಲ್ಲ; ಅದರ ಬೆಳವಣಿಗೆಯನ್ನು ತಡೆದು ಸಂತತಿಯನ್ನು ಕಡಿಮೆ ಮಾಡುತ್ತದೆ. ಆದ್ದರಿಂದ ಉಣ್ಣಿಯ ಜೀವನಕ್ರಮವನ್ನು ತಿಳಿದು, ಅದರ ದಿನಗಳ ಲೆಕ್ಕಕ್ಕೆ ಸರಿಯಾಗಿ ಬಳಸಿದರೆ ಮಾತ್ರ ಫಲ ಸಿಗುತ್ತದೆ. ಈ ಲೇಖನದಲ್ಲಿ ಆ ಲೆಕ್ಕವನ್ನು ವಿವರಿಸಲಾಗಿದೆ.

ಉಣ್ಣಿಯಿಂದ ಆಗುವ ಹಾನಿ

ಉಣ್ಣಿ ಕೀಟವಲ್ಲ. ಎಂಟು ಕಾಲಿನ ಇದು ಜೇಡ, ಚೇಳುಗಳ ವರ್ಗಕ್ಕೆ ಸೇರಿದೆ. ಹೊಟ್ಟೆ ತುಂಬಿದ ಒಂದು ಹೆಣ್ಣು ಉಣ್ಣಿ ಸುಮಾರು ಅರ್ಧದಿಂದ ಒಂದು ಮಿ.ಲೀ. ರಕ್ತ ಹೀರುತ್ತದೆ. ನೂರು ಉಣ್ಣಿ ಇದ್ದಲ್ಲಿ ಎಷ್ಟು ರಕ್ತ ಹೋಗುತ್ತದೆಂಬುದನ್ನು ರೈತರೇ ಲೆಕ್ಕ ಹಾಕಬಹುದು. ದನ ಸೊರಗುತ್ತದೆ, ಹಾಲು ಇಳಿಯುತ್ತದೆ, ಕಚ್ಚಿದ ಜಾಗದಲ್ಲಿ ಗಾಯವಾಗಿ ಹುಳು ಬೀಳುವುದೂ ಉಂಟು.

ಇದಕ್ಕಿಂತ ದೊಡ್ಡ ಹಾನಿ ಉಣ್ಣಿ ಹರಡುವ ರೋಗಗಳಿಂದ ಆಗುತ್ತದೆ. ಉಣ್ಣಿಯು ಒಂದು ದನದಿಂದ ಇನ್ನೊಂದಕ್ಕೆ ರೋಗ ಸಾಗಿಸುತ್ತದೆ ಎಂಬುದನ್ನು ಅಮೇರಿಕೆಯ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬ ವಿಜ್ಞಾನಿಗಳು 1893 ರಲ್ಲಿ ತೋರಿಸಿಕೊಟ್ಟರು. ಅವರು ಅಭ್ಯಾಸ ಮಾಡಿದ ರೋಗವೇ ಕೆಂಪು ಮೂತ್ರ ರೋಗ, ಅಂದರೆ ಬೆಬೆಸಿಯೋಸಿಸ್. ನಮ್ಮಲ್ಲಿ ಇದರ ಜೊತೆಗೆ ಥೈಲೇರಿಯೋಸಿಸ್ ಮತ್ತು ಅನಾಪ್ಲಾಸ್ಮೋಸಿಸ್ ರೋಗಗಳೂ ಕಂಡುಬರುತ್ತವೆ. ಜವಾರಿ ದನಗಳು ಉಣ್ಣಿಯನ್ನೂ ಈ ಜ್ವರಗಳನ್ನೂ ಬಹುಮಟ್ಟಿಗೆ ತಡೆದುಕೊಳ್ಳುತ್ತವೆ. ಆದರೆ ಸಾಲ ಮಾಡಿ ತಂದ ಮಿಶ್ರತಳಿಯ ಆಕಳು ಥೈಲೇರಿಯಾ ಜ್ವರಕ್ಕೆ ಕೆಲವೇ ದಿನಗಳಲ್ಲಿ ಬಲಿಯಾಗಬಹುದು. ಆಕಳು ಸತ್ತರೂ ಸಾಲದ ಕಂತು ನಿಲ್ಲುವುದಿಲ್ಲ.

ಮನುಷ್ಯನಿಗೂ ಅಪಾಯವಿದೆ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957 ರಲ್ಲಿ ಗುರುತಿಸಿದ ಮಂಗನ ಕಾಯಿಲೆಯು ಮುಖ್ಯವಾಗಿ ಹಿಮಾಫಿಸಾಲಿಸ್ ಸ್ಪಿನಿಜೆರಾ ಎಂಬ ಕಾಡಿನ ಉಣ್ಣಿಯಿಂದ ಹರಡುತ್ತದೆ. ಕಾಡಿನಂಚಿನಲ್ಲಿ ಮೇಯುವ ದನಗಳ ಮೈಮೇಲೆ ಈ ಉಣ್ಣಿ ಹೊಟ್ಟೆ ತುಂಬಿಸಿಕೊಂಡು ಸಂಖ್ಯೆಯನ್ನು ಹೆಚ್ಚಿಸಿಕೊಳ್ಳುತ್ತದೆ. ಕಲಘಟಗಿ, ಅಳ್ನಾವರ ಭಾಗದಲ್ಲಿ ಕಾಡಿಗೆ ದನ ಬಿಡುವ ರೈತರು ಇದನ್ನು ನೆನಪಿನಲ್ಲಿಡಬೇಕು.

ಉಣ್ಣಿಯ ಜೀವನಕ್ರಮ

ನಮ್ಮ ದನಗಳಲ್ಲಿ ಮುಖ್ಯವಾಗಿ ಎರಡು ಜಾತಿಯ ಉಣ್ಣಿಗಳು ಕಂಡುಬರುತ್ತವೆ.

ಮೊದಲನೆಯದು ರಿಪಿಸೆಫಾಲಸ್ ಮೈಕ್ರೋಪ್ಲಸ್. ಇದಕ್ಕೆ ಒಂದೇ ದನ ಸಾಕು. ಹುಲ್ಲಿನ ತುದಿಯಲ್ಲಿ ಕಾದು ಕುಳಿತ ಆರು ಕಾಲಿನ ಮರಿ ದನದ ಮೈ ಏರುತ್ತದೆ. ಸುಮಾರು ಒಂದು ವಾರದಲ್ಲಿ ಪೊರೆ ಬಿಟ್ಟು ಎಂಟು ಕಾಲಿನ ಎಳೆಯ ಉಣ್ಣಿಯಾಗುತ್ತದೆ. ಇನ್ನೊಂದು ವಾರದಲ್ಲಿ ಮತ್ತೆ ಪೊರೆ ಬಿಟ್ಟು ಬೆಳೆದ ಉಣ್ಣಿಯಾಗುತ್ತದೆ. ಮೂರನೆಯ ವಾರದಲ್ಲಿ ಹೆಣ್ಣು ಹೊಟ್ಟೆ ತುಂಬ ರಕ್ತ ಕುಡಿದು, ಹುಣಸೆಬೀಜದ ಬಣ್ಣಕ್ಕೋ ಬೂದು ಬಣ್ಣಕ್ಕೋ ತಿರುಗಿ ನೆಲಕ್ಕೆ ಉದುರುತ್ತದೆ. ಹೀಗೆ ದನದ ಮೈಮೇಲೆ ಅದು ಇರುವ ಕಾಲ ಸುಮಾರು 21 ದಿನ. ನೆಲಕ್ಕೆ ಬಿದ್ದ ಹೆಣ್ಣು ಗೋದಲಿಯ ಬುಡದಲ್ಲಿ, ಕಲ್ಲಿನ ಸಂದಿಯಲ್ಲಿ, ಹುಲ್ಲಿನ ಬೇರಿನಲ್ಲಿ ಅಡಗಿ 2,000 ದಿಂದ 3,000 ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ಹವೆಯನ್ನು ಅನುಸರಿಸಿ ಎರಡರಿಂದ ಆರು ವಾರಗಳಲ್ಲಿ ಮರಿಗಳು ಹೊರಬರುತ್ತವೆ. ತಂಪು, ತೇವ ಇದ್ದಲ್ಲಿ ಈ ಮರಿಗಳು ಏನೂ ತಿನ್ನದೆ ತಿಂಗಳುಗಟ್ಟಲೆ ಬದುಕಬಲ್ಲವು. ಬೇಸಿಗೆಯ ಒಣ ಬಿಸಿಲಿನಲ್ಲಿ ಬೇಗ ಸಾಯುತ್ತವೆ. ನವಲಗುಂದದ ಎರೆ ಬಯಲಿಗಿಂತ ಧಾರವಾಡದ ಪಶ್ಚಿಮದ ಅರೆಮಲೆನಾಡಿನ ಹುಲ್ಲುಗಾವಲುಗಳು ಉಣ್ಣಿಗೆ ಹೆಚ್ಚು ಅನುಕೂಲವಾಗಿರುವುದು ಇದೇ ಕಾರಣಕ್ಕೆ. ಕೆಂಪು ಮೂತ್ರ ರೋಗದ ಅಣುಜೀವಿಯು ತಾಯಿ ಉಣ್ಣಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ದಾಟುತ್ತದೆ. ಆದ್ದರಿಂದ ಮೊಟ್ಟೆ ತಡೆದರೆ ರೋಗವನ್ನೂ ತಡೆದಂತಾಗುತ್ತದೆ.

ಎರಡನೆಯದು ಹಯಲೋಮ ಅನಟೋಲಿಕಮ್. ಇದರ ಕಾಲುಗಳು ಉದ್ದವಾಗಿದ್ದು ಪಟ್ಟೆಪಟ್ಟೆಯಾಗಿರುತ್ತವೆ. ಇದು ಸಾಮಾನ್ಯವಾಗಿ ಪ್ರತಿಯೊಂದು ಹಂತದಲ್ಲಿಯೂ ದನದಿಂದ ಇಳಿದು, ಗೋಡೆಯ ಬಿರುಕಿನಲ್ಲಿ ಪೊರೆ ಬಿಟ್ಟು, ಮತ್ತೆ ಏರುತ್ತದೆ. ಥೈಲೇರಿಯಾ ಜ್ವರವನ್ನು ಹರಡುವುದು ಇದೇ. ಕಲ್ಲು-ಮಣ್ಣಿನ ಗೋಡೆಯ ಹಳೆಯ ಕೊಟ್ಟಿಗೆಗಳೂ, ಮನೆಯೊಳಗೇ ದನ ಕಟ್ಟುವ ಪದ್ಧತಿಯೂ ಇದಕ್ಕೆ ಹೇಳಿ ಮಾಡಿಸಿದಂತಿವೆ.

ಈ ವಿವರದಿಂದ ಎರಡು ಸಂಗತಿ ಸ್ಪಷ್ಟವಾಗುತ್ತವೆ. ಒಂದು, ಯಾವುದೇ ದಿನ ದನದ ಮೈಮೇಲೆ ಕಾಣುವ ಉಣ್ಣಿ ಒಟ್ಟು ಉಣ್ಣಿಯ ಒಂದು ಸಣ್ಣ ಪಾಲು ಮಾತ್ರ. ಉಳಿದದ್ದು ನೆಲದಲ್ಲಿ, ಗೋಡೆಯಲ್ಲಿ, ಹುಲ್ಲಿನಲ್ಲಿ ಇರುತ್ತದೆ. ಎರಡು, ಒಂದು ಸಲದ ಉಪಚಾರ, ಅದು ಯಾವುದೇ ಮದ್ದಿನದಾಗಿರಲಿ, ಸಾಲದು.

ರಾಸಾಯನಿಕ ಔಷಧಿಗಳ ಮಿತಿ

ಹಿಂದೆ ಉಣ್ಣಿಗೆ ಡಿ.ಡಿ.ಟಿ. ಮತ್ತು ಬಿ.ಎಚ್.ಸಿ. ಪುಡಿಗಳನ್ನು ಬಳಸುತ್ತಿದ್ದರು. ಇವು ಹಾಲಿನ ಕೊಬ್ಬಿನಲ್ಲಿ ಸೇರಿ ಉಳಿಯುತ್ತವೆ. ಬಿ.ಎಚ್.ಸಿ.ಯನ್ನು ನಮ್ಮ ದೇಶದಲ್ಲಿ 1997 ರಲ್ಲಿ ನಿಷೇಧಿಸಲಾಯಿತು. ನಂತರ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಅಮಿಟ್ರಾಜ್ ದ್ರಾವಣಗಳೂ, ಐವರ್‌ಮೆಕ್ಟಿನ್ ಚುಚ್ಚುಮದ್ದೂ ಬಂದವು. ಇವು ಒಳ್ಳೆಯ ಔಷಧಿಗಳೇ. ಆದರೆ ಒಂದೇ ಔಷಧಿಯನ್ನು, ಅದೂ ಕಡಿಮೆ ಪ್ರಮಾಣದಲ್ಲಿ, ಮೇಲಿಂದ ಮೇಲೆ ಬಳಸಿದ್ದರಿಂದ ದೇಶದ ಹಲವು ರಾಜ್ಯಗಳಲ್ಲಿ ಮೈಕ್ರೋಪ್ಲಸ್ ಉಣ್ಣಿ ಸೈಪರ್‌ಮೆಥ್ರಿನ್ ಮತ್ತು ಡೆಲ್ಟಾಮೆಥ್ರಿನ್‌ಗೆ ನಿರೋಧಶಕ್ತಿ ಪಡೆದಿರುವುದು ಕಂಡುಬಂದಿದೆ. ಔಷಧಿಗೆ ಬಗ್ಗದ ಕೆಲವು ಉಣ್ಣಿಗಳು ಉಳಿದು, ಅವುಗಳ ಸಂತತಿಯೇ ಹೆಚ್ಚುತ್ತಾ ಹೋಗುವುದೇ ಇದರ ಮರ್ಮ. ಜೊತೆಗೆ ಇಂತಹ ಔಷಧಿಗಳನ್ನು ಕೊಟ್ಟ ಮೇಲೆ ಹಾಲನ್ನು ಮಾರದೆ ಬಿಡಬೇಕಾದ ದಿನಗಳೂ ಇರುತ್ತವೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್‌ಗಳ ಮೂಲವೂ ಗಿಡವೇ. ಸೇವಂತಿಗೆಯ ಜಾತಿಯ ಪೈರೆಥ್ರಮ್ ಹೂವಿನಲ್ಲಿರುವ ಪೈರೆಥ್ರಿನ್ ಎಂಬ ವಸ್ತು ಕೀಟಗಳ ನರಗಳನ್ನು ಕೆಡಿಸುತ್ತದೆ. ಆದರೆ ಬಿಸಿಲಿಗೆ ಬೇಗ ಹಾಳಾಗುತ್ತದೆ. ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ 1970 ರ ದಶಕದಲ್ಲಿ ಇದರ ರಚನೆಯನ್ನೇ ಅನುಸರಿಸಿ, ಬಿಸಿಲಿಗೆ ಕೆಡದ ವಸ್ತುಗಳನ್ನು ತಯಾರಿಸಿದರು. ಹೀಗೆ ಗಿಡದ ವಸ್ತು ದುರ್ಬಲವೆಂದು ತಿಳಿಯಬೇಕಾಗಿಲ್ಲ. ಅದು ಬೇಗ ಕರಗಿ ಹೋಗುತ್ತದೆ ಎಂಬುದೇ ಅದರ ಗುಣವೂ ಹೌದು, ಕೊರತೆಯೂ ಹೌದು.

ಗಿಡದಲ್ಲಿರುವ ಮದ್ದು ಹೇಗೆ ಕೆಲಸ ಮಾಡುತ್ತದೆ?

ಬೇವು: ಬೇವಿನ ಬೀಜದ ತಿರುಳಿನಲ್ಲಿ ಅಜಾಡಿರಾಕ್ಟಿನ್ ಎಂಬ ಮುಖ್ಯ ವಸ್ತುವಿದೆ. ಇದನ್ನು ಇಂಗ್ಲೆಂಡಿನ ಬಟರ್‌ವರ್ತ್ ಮತ್ತು ಮಾರ್ಗನ್ 1968 ರಲ್ಲಿ ಬೇರ್ಪಡಿಸಿದರು. ಪೊರೆ ಬಿಡಲು ಬೇಕಾದ ಚೋದಕ ರಸದ ಕೆಲಸವನ್ನು ಇದು ಕೆಡಿಸುತ್ತದೆ. ಆಗ ಎಳೆಯ ಉಣ್ಣಿ ಪೊರೆ ಬಿಡಲಾರದೆ ಸಾಯುತ್ತದೆ. ಬೆಳೆದ ಹೆಣ್ಣು ಬದುಕಿದರೂ ಮೊಟ್ಟೆ ಕಡಿಮೆಯಾಗುತ್ತದೆ, ಇಟ್ಟ ಮೊಟ್ಟೆಗಳಲ್ಲಿ ಹಲವು ಒಡೆಯುವುದಿಲ್ಲ. ಮರುದಿನ ದನದ ಮೈಮೇಲೆ ಉಣ್ಣಿ ಕಂಡರೂ ಮದ್ದು ವ್ಯರ್ಥವಾಗಿಲ್ಲವೆಂದು ಹೇಳುವುದು ಇದಕ್ಕಾಗಿ.

ಹೊಂಗೆ: ನಮ್ಮ ಭಾಗದಲ್ಲಿ ಇದನ್ನು ಹುಲಗಲ ಎನ್ನುತ್ತಾರೆ. ಇದರ ಬೀಜದ ಎಣ್ಣೆಯಲ್ಲಿ ಕರಂಜಿನ್ ಮತ್ತು ಪೊಂಗಮೋಲ್ ಎಂಬ ವಸ್ತುಗಳಿವೆ. ಎಣ್ಣೆಯ ಪದರವು ಉಣ್ಣಿಯ ಉಸಿರಾಟದ ರಂಧ್ರಗಳನ್ನು ಮುಚ್ಚುತ್ತದೆ; ವಾಸನೆಯು ನೊಣಗಳನ್ನೂ ದೂರವಿಡುತ್ತದೆ.

ಬೆಳ್ಳುಳ್ಳಿ, ಬಜೆ, ತುಳಸಿ: ಬೆಳ್ಳುಳ್ಳಿಯ ಗಂಧಕಯುಕ್ತ ವಸ್ತುಗಳು, ಬಜೆ ಮತ್ತು ತುಳಸಿಗಳ ಸುಗಂಧ ತೈಲಗಳು ಉಣ್ಣಿಯನ್ನು ಹತ್ತಗೊಡದಂತೆ ಮಾಡಲು ನೆರವಾಗುತ್ತವೆ. ಇವು ಆವಿಯಾಗಿ ಹೋಗುವ ವಸ್ತುಗಳಾದ್ದರಿಂದ ಆಗಲೇ ಅರೆದು ಆಗಲೇ ಬಳಸಬೇಕು.

ಒಂದೇ ಸಾರದಲ್ಲಿ ಇಂತಹ ಹಲವು ವಸ್ತುಗಳು ಕೂಡಿರುವುದರಿಂದ ಉಣ್ಣಿ ಅದಕ್ಕೆ ಒಗ್ಗಿಕೊಳ್ಳುವುದು ಕಷ್ಟ.

ಬೇವಿನ ಬೀಜದ ಸಂಗ್ರಹಣೆ

ಮದ್ದಿನ ಶಕ್ತಿ ಬೀಜದ ಗುಣವನ್ನು ಅವಲಂಬಿಸಿದೆ. ಎಲ್ಲ ಮರದ ಬೀಜದಲ್ಲಿ ಅಜಾಡಿರಾಕ್ಟಿನ್ ಒಂದೇ ಪ್ರಮಾಣದಲ್ಲಿರುವುದಿಲ್ಲ. ಎಲೆ, ತೊಗಟೆಗಳಲ್ಲಿ ಇದು ಬಹಳ ಕಡಿಮೆ. ಆದ್ದರಿಂದ ಕೆಳಗಿನ ಕ್ರಮ ಅನುಸರಿಸಬೇಕು.

1. ಕಾರಹುಣ್ಣಿಮೆಯ ಸುಮಾರಿಗೆ, ಅಂದರೆ ಜೂನ್-ಜುಲೈ ತಿಂಗಳಲ್ಲಿ, ಮರದ ಬುಡ ಗುಡಿಸಿ ಹಳದಿ ಬಣ್ಣದ ಹಣ್ಣುಗಳನ್ನು ದಿನದಿನವೂ ಆರಿಸಬೇಕು. ಮಳೆಯಲ್ಲಿ ನೆನೆದು ಬೂಸಲು ಬಂದದ್ದು ಬೇಡ.
2. ಅಂದೇ ನೀರಿನಲ್ಲಿ ಉಜ್ಜಿ ಮೇಲಿನ ತಿರುಳನ್ನು ತೆಗೆದು, ಬೀಜವನ್ನು ನೆರಳಿನಲ್ಲಿ ಒಣಗಿಸಬೇಕು. ಬಿರುಬಿಸಿಲು ಕೂಡದು.
3. ಗೋಣಿ ಅಥವಾ ಬಟ್ಟೆಯ ಚೀಲದಲ್ಲಿ, ಗಾಳಿಯಾಡುವ ಜಾಗದಲ್ಲಿ ಇಡಬೇಕು. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಬೂಸಲು ಬರುತ್ತದೆ.
4. ಎಂಟು ತಿಂಗಳು ಮೀರಿದ ಬೀಜದಲ್ಲಿ ಸತ್ವ ಇಳಿಯುತ್ತಾ ಹೋಗುತ್ತದೆ. ಪ್ರತಿ ವರ್ಷ ಹೊಸ ಬೀಜ ಕೂಡಿಸಬೇಕು.

ಬದುವಿನ ಮೇಲೆ ಬೇವು ಇಲ್ಲದ ಹೊಲ ನಮ್ಮಲ್ಲಿ ಅಪರೂಪ. ಬೀಜಕ್ಕೆ ಬೇಕಾದದ್ದು ರೊಕ್ಕವಲ್ಲ, ಸಮಯಕ್ಕೆ ಸರಿಯಾದ ದುಡಿಮೆ.

ತಯಾರಿಸುವ ವಿಧಾನ

(ಅ) ಬೇವಿನ ಬೀಜದ ಸಾರ, ಶೇಕಡಾ 5: ಬೆಳೆಗಳಿಗೆ ಸಿಂಪಡಿಸುವ ಸಾರ ಇದೇ, ರೈತರಿಗೆ ಪರಿಚಿತವಾದದ್ದು. ಬೀಜದ ಸಿಪ್ಪೆ ಒಡೆದು 50 ಗ್ರಾಂ ತಿರುಳನ್ನು ತರಿತರಿಯಾಗಿ ಕುಟ್ಟಿ, ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಬೇಕು. ಬೆಳಿಗ್ಗೆ ಗಂಟನ್ನು ಚೆನ್ನಾಗಿ ಹಿಂಡಿ ಸೋಸಿ, 2 ಗ್ರಾಂ ಮೆತ್ತನೆಯ ಮೈಸಾಬೂನನ್ನು ಅಥವಾ ಸ್ವಲ್ಪ ಅಂಟುವಾಳ ಕಾಯಿಯ ನೊರೆಯನ್ನು ಬೆರೆಸಬೇಕು. ಬೆಳೆದ ಒಂದು ದನಕ್ಕೆ ಒಂದರಿಂದ ಒಂದೂವರೆ ಲೀಟರ್ ಬೇಕಾಗುತ್ತದೆ. ಎರಡು ದನಗಳಿಗೆ 150 ಗ್ರಾಂ ತಿರುಳು, 3 ಲೀಟರ್ ನೀರು ಸಾಕು. ತಯಾರಿಸಿದ ದಿನವೇ ಮುಗಿಸಬೇಕು.

ಇಲ್ಲಿ ಎರಡು ಮಾತು ಮುಖ್ಯ. ಮೊದಲನೆಯದಾಗಿ, ಇದನ್ನು ಕುದಿಸಬಾರದು. ಬೇವನ್ನು ಕುದಿಸಿ ಕಷಾಯ ಮಾಡುವ ರೂಢಿಯಿದೆ. ಆದರೆ ಅಜಾಡಿರಾಕ್ಟಿನ್ ಕಾವಿಗೆ ಕೆಡುತ್ತದೆ. ಎರಡನೆಯದಾಗಿ, ಅದು ಕ್ಷಾರಕ್ಕೂ ಕೆಡುತ್ತದೆ. ಬಟ್ಟೆ ಒಗೆಯುವ ಸೋಡಾ, ಸುಣ್ಣದ ನೀರು ಬೆರೆಸಬಾರದು. ಎರೆಭಾಗದ ಸವುಳು ಬೋರ್‌ವೆಲ್ ನೀರಿಗಿಂತ ಕೆರೆಯ ಅಥವಾ ಮಳೆಯ ನೀರು ಉತ್ತಮ.

(ಆ) ಸೊಪ್ಪು ಮತ್ತು ಬೇರುಗಳ ಮಿಶ್ರಣ: ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯು ಹೈನುಗಾರರಲ್ಲಿ ಪ್ರಚಾರ ಮಾಡುತ್ತಿರುವ ಪಾರಂಪರಿಕ ಪಶುವೈದ್ಯ ಪದ್ಧತಿಯಲ್ಲಿ ಉಣ್ಣಿಗೆ ಈ ಮಿಶ್ರಣ ಹೇಳಿದೆ:

ಬೆಳ್ಳುಳ್ಳಿ - 10 ಎಸಳು
ಬೇವಿನ ಎಲೆ - 1 ಹಿಡಿ
ಬೇವಿನ ಹಣ್ಣು - 1 ಹಿಡಿ
ಬಜೆ - 10 ಗ್ರಾಂ
ಅರಿಷಿಣ ಪುಡಿ - 20 ಗ್ರಾಂ
ಲಂಟಾನ ಎಲೆ - 1 ಹಿಡಿ
ತುಳಸಿ ಎಲೆ - 1 ಹಿಡಿ

ಇವೆಲ್ಲವನ್ನೂ ನುಣ್ಣಗೆ ಅರೆದು ಒಂದು ಲೀಟರ್ ಶುದ್ಧ ನೀರಿನಲ್ಲಿ ಕಲಸಿ, ಬಟ್ಟೆಯಲ್ಲಿ ಸೋಸಿ, ದನದ ಮೈತುಂಬ ಸಿಂಪಡಿಸಬೇಕು. ಕೊಟ್ಟಿಗೆಯ ಬಿರುಕುಗಳಿಗೂ ಹೊಡೆಯಬೇಕು. ವಾರಕ್ಕೊಮ್ಮೆ ಪುನಃ ಮಾಡಬೇಕು.

ಲಂಟಾನ ಎಲೆ ದನದ ಹೊಟ್ಟೆಗೆ ಹೋದರೆ ಯಕೃತ್ತಿಗೆ ವಿಷ. ಸೋಸಿ ಉಳಿದ ಚರಟವನ್ನು ಗೋದಲಿಯ ಹತ್ತಿರ ಚೆಲ್ಲದೆ ತಿಪ್ಪೆಯಲ್ಲಿ ಹುಗಿಯಬೇಕು.

(ಇ) ಹೊಂಗೆ ಎಣ್ಣೆ: ಸಿಂಪರಣೆ ತಲುಪದ ಕಿವಿಯ ಅಂಚು, ಬಾಲದ ಬುಡ, ತೊಡೆಯ ಸಂದಿಗಳಿಗೆ ಬಟ್ಟೆಯಲ್ಲಿ ಅದ್ದಿ ತೆಳುವಾಗಿ ಒರೆಸಬೇಕು. ಮೈಯೆಲ್ಲ ಬಳಿಯಬಾರದು.

ಏಳು ದಿನದ ಲೆಕ್ಕ

ಮೇಲೆ ಹೇಳಿದಂತೆ ಮೈಕ್ರೋಪ್ಲಸ್ ಉಣ್ಣಿ ದನದ ಮೈಮೇಲೆ ಪ್ರತಿಯೊಂದು ಹಂತದಲ್ಲಿ ಸುಮಾರು ಒಂದು ವಾರ ಇರುತ್ತದೆ. ಬೇವಿನ ಸಾರದ ಶಕ್ತಿಯು ಬಿಸಿಲಿಗೆ ಕೆಲವೇ ದಿನಗಳಲ್ಲಿ ಕುಂದುತ್ತದೆ. ಆದ್ದರಿಂದ ಏಳು ದಿನಕ್ಕೊಮ್ಮೆ ಸಿಂಪಡಿಸಿದರೆ ಪ್ರತಿಯೊಂದು ಉಣ್ಣಿಗೂ ಮರಿಯಾಗಿದ್ದಾಗ, ಎಳೆಯದಾಗಿದ್ದಾಗ, ಬೆಳೆದಾಗ, ಹೀಗೆ ಮೂರು ಸಲ ಮದ್ದು ತಾಗುತ್ತದೆ. ಒಂದನೆಯ, ಎಂಟನೆಯ, ಹದಿನೈದನೆಯ ಮತ್ತು ಇಪ್ಪತ್ತೆರಡನೆಯ ದಿನ, ಒಟ್ಟು ನಾಲ್ಕು ಸಿಂಪರಣೆ ಒಂದು ಸುತ್ತು. ನಡುವೆ ಒಂದು ವಾರ ತಪ್ಪಿದರೆ ಆ ವಾರ ಹೊಟ್ಟೆ ತುಂಬಿದ ಹೆಣ್ಣುಗಳು ಮದ್ದು ತಾಗದೆ ಇಳಿದು ಮೊಟ್ಟೆಯಿಡುತ್ತವೆ. ನೆಲದಲ್ಲಿರುವ ಮೊಟ್ಟೆಗಳು ಒಡೆದು ಹೊಸ ಮರಿಗಳು ಏರುವುದರಿಂದ, ಒಂದು ಸುತ್ತು ಮುಗಿದ ಮೇಲೂ ವಾರಕ್ಕೊಮ್ಮೆ ದನದ ಮೈ ನೋಡಿ, ಉಣ್ಣಿ ಹೆಚ್ಚುತ್ತಿದ್ದರೆ ಇನ್ನೊಂದು ಸುತ್ತು ಹಾಕಬೇಕು.

ಮರೆಯದಿರಲು ಸಂತೆಯ ದಿನವನ್ನು ಗುರುತಿಟ್ಟುಕೊಂಡರೆ ಅನುಕೂಲ. ಮಳೆಗಾಲದ ಪ್ರಾರಂಭದಲ್ಲಿ, ಕಾರಹುಣ್ಣಿಮೆಗೆ ಎತ್ತುಗಳ ಮೈ ತೊಳೆಯುವಾಗಲೇ ಮೊದಲ ಸಲ ಉಣ್ಣಿ ಎಣಿಸಿ ಕೆಲಸ ಶುರು ಮಾಡಬೇಕು. ಉಣ್ಣಿ ಮೈತುಂಬಿದ ಮೇಲೆ ಶುರು ಮಾಡಿದರೆ ಗಿಡದ ಮದ್ದಿಗೆ ಅದು ಮೀರಿದ ಹೊರೆಯಾಗುತ್ತದೆ.

ಸಿಂಪಡಿಸುವಾಗ ಗಮನಿಸಬೇಕಾದ ಅಂಶಗಳು:

1. ದನದ ಮೈ ಒಣಗಿರಬೇಕು. ಮಳೆಯ ಸೂಚನೆ ಇರಬಾರದು. ಸಿಂಪಡಿಸಿದ ಮೇಲೆ ನೆರಳಿನಲ್ಲಿ ಕಟ್ಟಬೇಕು.
2. ಕೊರಳ ಕೆಳಗಿನ ಜೋಲು, ಎದೆ, ಕಂಕುಳು, ಕೆಚ್ಚಲ ಹಿಂಭಾಗ, ಬಾಲದ ಕೆಳಗೆ ಚೆನ್ನಾಗಿ ತಾಗಬೇಕು. ಕೂದಲಿಗೆ ಎದುರಾಗಿ ಹೊಡೆಯಬೇಕು.
3. ಕಣ್ಣು, ಮೂಗು, ಬಾಯಿ, ತೆರೆದ ಗಾಯಗಳಿಗೆ ತಾಗಿಸಬಾರದು.
4. ಹಾಲು ಹಿಂಡಿದ ಮೇಲೆ ಸಿಂಪಡಿಸಿ, ಮುಂದಿನ ಸಲ ಹಿಂಡುವ ಮೊದಲು ಕೆಚ್ಚಲನ್ನು ತೊಳೆಯಬೇಕು. ಇಲ್ಲದಿದ್ದರೆ ಹಾಲಿಗೆ ಕಹಿ ಮತ್ತು ವಾಸನೆ ಬರುತ್ತದೆ.
5. ಎಳೆಗರುಗಳಿಗೆ ಸಿಂಪಡಿಸದೆ, ಒದ್ದೆ ಬಟ್ಟೆಯಿಂದ ಒರೆಸಬೇಕು.
6. ಮೊದಲ ಸಲ ಅಂಗೈಯಗಲ ಜಾಗಕ್ಕೆ ಮಾತ್ರ ಹಚ್ಚಿ, ಒಂದು ದಿನ ನೋಡಿ, ಚರ್ಮ ಕೆಂಪಾಗದಿದ್ದರೆ ಮುಂದುವರಿಸಬೇಕು.
7. ಕೊಟ್ಟಿಗೆಯ ಎಲ್ಲ ದನಗಳಿಗೂ ಒಂದೇ ದಿನ ಮಾಡಬೇಕು. ಹಾಲು ಕೊಡುವ ಆಕಳಿಗೆ ಮಾತ್ರ ಮಾಡಿ ಎತ್ತು, ಮಣಕಗಳನ್ನು ಬಿಟ್ಟರೆ ಉಪಯೋಗವಿಲ್ಲ.
8. ಕಳೆನಾಶಕ ಅಥವಾ ಬೆಳೆಯ ವಿಷ ಹೊಡೆದ ಪಂಪನ್ನು ದನಕ್ಕೆ ಬಳಸಲೇಬಾರದು.

ಕೊಟ್ಟಿಗೆಯ ಉಪಚಾರ

ಹಯಲೋಮ ಉಣ್ಣಿಯ ಮಟ್ಟಿಗೆ ಕೊಟ್ಟಿಗೆಯ ಉಪಚಾರವೇ ಅರ್ಧ ಚಿಕಿತ್ಸೆ. ಗೋಡೆಯ ಬಿರುಕು, ಗೋದಲಿಯ ಸಂದಿ, ಕಂಬದ ಬುಡಗಳಿಗೆ ಮೇಲಿನ ಮಿಶ್ರಣ ಹೊಡೆದು, ಒಣಗಿದ ಮೇಲೆ ಮಣ್ಣು ಅಥವಾ ಸಿಮೆಂಟಿನಿಂದ ಮುಚ್ಚಬೇಕು. ಸುಣ್ಣ ಬಳಿಯುವುದನ್ನು ಕೊನೆಗೆ ಇಟ್ಟುಕೊಳ್ಳಬೇಕು. ಹಸಿ ಸುಣ್ಣದ ಮೇಲೆ ಬೇವಿನ ಸಾರ ಹೊಡೆದರೆ ಅದು ಕೆಡುತ್ತದೆ. ಸೆಗಣಿ, ಉಳಿದ ಮೇವು, ಹಳೆಯ ಗೋಣಿಗಳನ್ನು ಕೊಟ್ಟಿಗೆಯಲ್ಲಿ ಕೂಡಿಡಬಾರದು. ಜವಾರಿ ಕೋಳಿಗಳನ್ನು ಅಂಗಳದಲ್ಲಿ ಬಿಟ್ಟರೆ ನೆಲಕ್ಕೆ ಬಿದ್ದ ಉಣ್ಣಿಗಳನ್ನು ಆರಿಸಿ ತಿನ್ನುತ್ತವೆ.

ಕೈಯಿಂದ ಕಿತ್ತ ಉಣ್ಣಿಯನ್ನು ಅಲ್ಲೇ ಎಸೆಯುವುದು ಎಲ್ಲೆಡೆ ಕಾಣುವ ಅಭ್ಯಾಸ. ಹೊಟ್ಟೆ ತುಂಬಿದ 20 ಹೆಣ್ಣುಗಳನ್ನು ಎಸೆದರೆ 40,000 ದಿಂದ 60,000 ಮೊಟ್ಟೆಗಳನ್ನು ಬಿತ್ತಿದಂತೆಯೇ. ಕಿತ್ತ ಉಣ್ಣಿಗಳನ್ನು ಸೀಮೆಎಣ್ಣೆ ಅಥವಾ ಕುದಿಯುವ ನೀರಿನ ಡಬ್ಬಿಗೆ ಹಾಕಬೇಕು. ಉಗುರಿನಿಂದ ಹಿಸುಕಬಾರದು, ಕೆಲವು ಉಣ್ಣಿಗಳ ರಕ್ತದಿಂದ ಮನುಷ್ಯನಿಗೂ ರೋಗ ಅಂಟುತ್ತದೆ. ಹಯಲೋಮ ಉಣ್ಣಿ ಹರಡುವ ಕ್ರಿಮಿಯನ್-ಕಾಂಗೋ ಜ್ವರ ನಮ್ಮ ದೇಶದಲ್ಲಿ 2011 ರಲ್ಲಿ ಗುಜರಾತಿನಲ್ಲಿ ಕಾಣಿಸಿಕೊಂಡದ್ದನ್ನು ಇಲ್ಲಿ ನೆನೆಯಬಹುದು.

ಮೇವಿನ ಹೊಲದಲ್ಲಿಯೇ ತಡೆ

ಸಸ್ಯಗಳು ಸಾರದ ರೂಪದಲ್ಲಿ ಮಾತ್ರವಲ್ಲ, ನಿಂತ ಬೆಳೆಯಾಗಿಯೂ ಉಣ್ಣಿಯನ್ನು ತಡೆಯಬಲ್ಲವು. ಸ್ಟೈಲೋಸಾಂಥಿಸ್ ಎಂಬ ದ್ವಿದಳ ಮೇವಿನ ಕೆಲವು ಜಾತಿಗಳ ಕಾಂಡ ಮತ್ತು ಎಲೆಗಳ ಮೇಲೆ ಅಂಟು ಸ್ರವಿಸುವ ರೋಮಗಳಿವೆ. ಹುಲ್ಲಿನ ತುದಿಗೆ ಏರುವ ಉಣ್ಣಿಯ ಮರಿಗಳು ಇದರಲ್ಲಿ ಸಿಕ್ಕಿಬಿದ್ದು ಸಾಯುತ್ತವೆಂದು 1982 ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಸ್ಕಾಬ್ರಾ ಮತ್ತು ವಿಸ್ಕೋಸಾ ಜಾತಿಗಳಲ್ಲಿ ಈ ಗುಣವಿದೆ. ಬದುಗಳ ಮೇಲೆ, ಬೀಳು ಭೂಮಿಯಲ್ಲಿ ಸ್ಟೈಲೋ ಬಿತ್ತುವ ರೈತರು ಸ್ಕಾಬ್ರಾ ಜಾತಿಯನ್ನು ಆರಿಸಿದರೆ ಸಾರಜನಕದ ಲಾಭ, ಮೇವಿನ ಲಾಭದ ಜೊತೆಗೆ ಇದೂ ದೊರೆಯಬಹುದು. ಧಾರವಾಡದಲ್ಲಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ವಲಯ ಕೇಂದ್ರದಲ್ಲಿ ಮೇವಿನ ಬೆಳೆಗಳ ಬಗ್ಗೆ ವಿಚಾರಿಸಬಹುದು.

ಗಿಡದ್ದಾದ ಮಾತ್ರಕ್ಕೆ ನಿರಪಾಯವಲ್ಲ

ತಂಬಾಕು: ನಿಪ್ಪಾಣಿ ಭಾಗದ ತಂಬಾಕಿನ ಕಡ್ಡಿ, ಪುಡಿಗಳನ್ನು ನೆನೆಸಿ ದನಕ್ಕೆ ಹಚ್ಚುವ ರೂಢಿಯುಂಟು. ನಿಕೋಟಿನ್ ಉಣ್ಣಿಗೆ ವಿಷವೇ ಸರಿ, ಆದರೆ ದನಕ್ಕೂ ಮನುಷ್ಯನಿಗೂ ವಿಷವೇ. ಅದು ಚರ್ಮದ ಮೂಲಕ ಒಳಹೋಗುತ್ತದೆ. ದನ ಮೈ ನೆಕ್ಕಿದರೆ ಜೊಲ್ಲು ಸುರಿದು, ನಡುಕ ಬಂದು ಬೀಳಬಹುದು. ಪ್ರಮಾಣ ಅಳೆಯಲು ಮನೆಯಲ್ಲಿ ಸಾಧ್ಯವಿಲ್ಲದ್ದರಿಂದ ಇದನ್ನು ಬಳಸದಿರುವುದೇ ಲೇಸು.

ಸೀತಾಫಲದ ಬೀಜ: ಇದರಲ್ಲಿರುವ ಅಸಿಟೋಜೆನಿನ್ ವಸ್ತುಗಳು ಜೀವಕೋಶದ ಉಸಿರಾಟವನ್ನೇ ನಿಲ್ಲಿಸುವಷ್ಟು ಬಲವಾದವು. ಬೀಜದ ಪುಡಿ ಕಣ್ಣಿಗೆ ಬಿದ್ದರೆ ಕರಿಗುಡ್ಡೆಯ ಮೇಲಿನ ಪರದೆಗೆ ತೀವ್ರ ಗಾಯವಾಗುತ್ತದೆ. ಮಕ್ಕಳ ತಲೆಯ ಹೇನಿಗೆ ಹಚ್ಚಿ ಕಣ್ಣಿಗೆ ಅಪಾಯ ತಂದುಕೊಂಡ ಉದಾಹರಣೆಗಳು ಇವೆ. ದನಕ್ಕೂ ಇದು ಬೇಡ.

ಇದರಂತೆಯೇ ಸೀಮೆಎಣ್ಣೆ, ಇಂಜಿನ್ ಎಣ್ಣೆ, ಹತ್ತಿಗೆ ಹೊಡೆಯುವ ಕೀಟನಾಶಕಗಳನ್ನು ದನದ ಮೈಗೆ ಎಂದೂ ಹಚ್ಚಬಾರದು.

ನಿಮ್ಮ ಬೀಜದ ಶಕ್ತಿಯನ್ನು ನೀವೇ ಪರೀಕ್ಷಿಸಿರಿ

ಪ್ರಯೋಗಶಾಲೆಗಳಲ್ಲಿ ಉಣ್ಣಿನಾಶಕಗಳ ಪರೀಕ್ಷೆಗೆ ಬಳಸುವ ಅದ್ದುವ ವಿಧಾನವನ್ನು ಹಳ್ಳಿಯಲ್ಲಿಯೂ ಸರಳವಾಗಿ ಮಾಡಬಹುದು. ಗ್ರಾಮಸೇವಕರೂ ವಿಸ್ತರಣಾ ಕಾರ್ಯಕರ್ತರೂ ರೈತರ ಎದುರಿಗೆ ಇದನ್ನು ಮಾಡಿ ತೋರಿಸಬೇಕು.

ಹೊಟ್ಟೆ ತುಂಬಿದ, ಒಂದೇ ಗಾತ್ರದ 20 ಹೆಣ್ಣು ಉಣ್ಣಿಗಳನ್ನು ಚಿಮ್ಮಟದಿಂದ ಆರಿಸಿ. ಹತ್ತನ್ನು ಬೇವಿನ ಸಾರದಲ್ಲಿಯೂ ಹತ್ತನ್ನು ಬರಿಯ ನೀರಿನಲ್ಲಿಯೂ ಐದು ನಿಮಿಷ ಅದ್ದಿ, ಬಟ್ಟೆಯ ಮೇಲೆ ಒಣಗಿಸಿ, ಎರಡು ಗಾಜಿನ ಬಾಟಲಿಗಳಲ್ಲಿ ಹಾಕಿ. ಬಾಯಿಗೆ ದಟ್ಟ ಬಟ್ಟೆ ಬಿಗಿದು ನೆರಳಿನಲ್ಲಿ ಇಡಿ. ಎರಡು ವಾರಗಳ ಮೇಲೆ ಎರಡೂ ಬಾಟಲಿಗಳಲ್ಲಿನ ಮೊಟ್ಟೆಯ ರಾಶಿಯನ್ನು ಹೋಲಿಸಿ ನೋಡಿ. ಸಾರದ ಬಾಟಲಿಯಲ್ಲಿ ಮೊಟ್ಟೆ ಸ್ಪಷ್ಟವಾಗಿ ಕಡಿಮೆಯಿದ್ದರೆ ನಿಮ್ಮ ಬೀಜ ಸತ್ವಯುತವಾಗಿದೆ. ಎರಡೂ ಸಮನಾಗಿದ್ದರೆ ಬೀಜ ಹಳೆಯದು, ಇಲ್ಲವೆ ತಯಾರಿಕೆಯಲ್ಲಿ ದೋಷವಿದೆ. ನೋಡಿದ ಮೇಲೆ, ಮರಿ ಹೊರಬರುವ ಮೊದಲೇ, ಬಾಟಲಿಗಳಿಗೆ ಕುದಿಯುವ ನೀರು ಹೊಯ್ದು ಎಲ್ಲವನ್ನೂ ನಾಶಪಡಿಸಬೇಕು.

ದನದ ಮೇಲಿನ ಫಲವನ್ನು ತಿಳಿಯಲು, ಸಿಂಪಡಿಸುವ ಮೊದಲು ದನದ ಒಂದು ಮಗ್ಗುಲಿನಲ್ಲಿರುವ, ಜೋಳದ ಕಾಳಿಗಿಂತ ದೊಡ್ಡದಾದ ಉಣ್ಣಿಗಳನ್ನು ಎಣಿಸಿ ಎರಡರಿಂದ ಗುಣಿಸಿ. ಪ್ರತಿ ವಾರವೂ ಹೀಗೆ ಎಣಿಸಿ ನೋಟ್ ಪುಸ್ತಕದಲ್ಲಿ ಬರೆದಿಡಿ. ನಾಲ್ಕು ವಾರದ ಅಂಕಿಗಳೇ ಮದ್ದಿನ ಗುಣವನ್ನು ಹೇಳುತ್ತವೆ.

ಪಶುವೈದ್ಯರನ್ನು ಯಾವಾಗ ಕರೆಯಬೇಕು?

ಗಿಡದ ಮದ್ದು ಉಣ್ಣಿಗೆ ಮಾತ್ರ. ಉಣ್ಣಿ ತಂದ ಜ್ವರಕ್ಕೆ ಅಲ್ಲ. ಕೆಳಗಿನ ಯಾವುದೇ ಚಿಹ್ನೆ ಕಂಡರೆ ಅಂದೇ ಪಶುವೈದ್ಯರನ್ನು ಕರೆಯಬೇಕು, ಅಥವಾ 1962 ಸಂಖ್ಯೆಗೆ ಫೋನ್ ಮಾಡಬೇಕು.

1. 104 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ, ಮೇವು ಬಿಡುವುದು, ಹಾಲು ಒಮ್ಮೆಲೆ ಇಳಿಯುವುದು.
2. ಭುಜದ ಮುಂದಿನ ಗ್ರಂಥಿಗಳು ಗಡ್ಡೆಯಂತೆ ಊದಿಕೊಳ್ಳುವುದು. ಇದು ಥೈಲೇರಿಯೋಸಿಸ್‌ನ ಮುಖ್ಯ ಚಿಹ್ನೆ.
3. ಮೂತ್ರ ಕೆಂಪಾಗಿ ಅಥವಾ ಕಾಫಿಯ ಬಣ್ಣದಲ್ಲಿ ಬರುವುದು.
4. ಕಣ್ಣಿನ ಒಳರೆಪ್ಪೆ ಬಿಳುಚುವುದು ಅಥವಾ ಹಳದಿಯಾಗುವುದು.

ಥೈಲೇರಿಯೋಸಿಸ್‌ಗೆ ಬುಪಾರ್ವಕ್ವೋನ್ ಚುಚ್ಚುಮದ್ದು ಇದೆ. ಬೇಗ ಕೊಟ್ಟಷ್ಟೂ ಗುಣ ಹೆಚ್ಚು. ಮಿಶ್ರತಳಿಯ ಕರುಗಳಿಗೆ ಮುಂಚಿತವಾಗಿ ಹಾಕಿಸುವ ಲಸಿಕೆಯ ಬಗ್ಗೆಯೂ ವೈದ್ಯರನ್ನು ಕೇಳಬೇಕು. ಎರಡು ದಿನ ಮನೆಮದ್ದು ಮಾಡಿ ನೋಡೋಣ ಎಂದು ತಡೆದರೆ ಆಕಳನ್ನು ಕಳೆದುಕೊಳ್ಳುವ ಸಂಭವವಿದೆ.

ಕೈಯಾಡಿಸಿದಲ್ಲೆಲ್ಲ ಉಣ್ಣಿ ಸಿಗುವಷ್ಟು ಕಾಟ ಹೆಚ್ಚಿದ್ದರೆ, ಮೊದಲು ವೈದ್ಯರ ಸಲಹೆಯಂತೆ ಉಣ್ಣಿನಾಶಕ ಔಷಧಿಯನ್ನು ಹೇಳಿದ ಪ್ರಮಾಣದಲ್ಲಿ ಬಳಸಿ ಸಂಖ್ಯೆ ಇಳಿಸಬೇಕು. ಅದಾದ ಮೇಲೆ ಮತ್ತೆ ಏರದಂತೆ ಗಿಡದ ಮದ್ದಿನ ಸುತ್ತು ಹಾಕಬೇಕು. ಎರಡನ್ನೂ ಒಂದೇ ಬಕೆಟ್ಟಿನಲ್ಲಿ ಬೆರೆಸಕೂಡದು. ಹೀಗೆ ಮಾಡಿದಲ್ಲಿ ರಾಸಾಯನಿಕ ಔಷಧಿಯ ಬಳಕೆ ಕಡಿಮೆಯಾಗಿ, ಅದರ ಶಕ್ತಿಯೂ ಹೆಚ್ಚು ಕಾಲ ಉಳಿಯುತ್ತದೆ.

ಒಟ್ಟಿನಲ್ಲಿ, ಜೂನ್-ಜುಲೈನಲ್ಲಿ ಬೇವಿನ ಬೀಜ ಕೂಡಿಸುವುದು, ಕುದಿಸದೆ ಸಾರ ತೆಗೆಯುವುದು, ಏಳು ದಿನಕ್ಕೊಮ್ಮೆ ನಾಲ್ಕು ಸಲ ಎಲ್ಲ ದನಗಳಿಗೂ ಸಿಂಪಡಿಸುವುದು, ಅದೇ ದಿನ ಕೊಟ್ಟಿಗೆಯನ್ನೂ ಉಪಚರಿಸುವುದು, ಜ್ವರ ಕಂಡರೆ ತಡಮಾಡದೆ ವೈದ್ಯರನ್ನು ಕರೆಯುವುದು, ಈ ಐದು ಕೆಲಸಗಳನ್ನು ರೈತ ಬಾಂಧವರು ತಪ್ಪದೆ ಅನುಸರಿಸಿದಲ್ಲಿ ಉಣ್ಣಿಯ ಕಾಟವನ್ನು ಕಡಿಮೆ ಖರ್ಚಿನಲ್ಲಿ ಹತೋಟಿಯಲ್ಲಿಡಲು ಸಾಧ್ಯ. ಒಂದು ಓಣಿಯ ನಾಲ್ಕಾರು ಮನೆಯವರು ಕೂಡಿ ಒಂದೇ ವಾರ ಪ್ರಾರಂಭಿಸಿದರೆ ಫಲ ಇನ್ನೂ ಹೆಚ್ಚು. ಏಕೆಂದರೆ ಒಂದೇ ಗಾಂವಠಾಣದಲ್ಲಿ ಮೇಯುವ ದನಗಳ ಉಣ್ಣಿಯೂ ಒಂದೇ.